ಹನ್ನೊಂದನೆಯ ಹೆಜ್ಜೆ

ನನಗೆ ನೆಟ್ಟಗೆ ನಡೆಯಲು ಬರುತ್ತಿತ್ತು. ಹತ್ತು ಹೆಜ್ಜೆ ಮಾತ್ರ. ಎರಡು ವರ್ಷದವಳಿದ್ದಾಗ ಪೋಲಿಯೊ ಬಂದು ನನ್ನ ಎಡಗಾಲು ಬಡಕಲಾಯಿತು, ಬಲಗಾಲಿಗಿಂತ ಒಂದೂವರೆ ಇಂಚು ಗಿಡ್ಡವೂ ಆಯಿತು. ಎಡಗೈಯನ್ನು ತೊಡೆಯ ಮೇಲೆ ಒತ್ತಿ ಹಿಡಿದರೆ ಎಷ್ಟು ದೂರ ಬೇಕಾದರೂ ನಡೆಯುತ್ತಿದ್ದೆ, ಯಾರೂ ನೋಡದಿದ್ದಾಗ ಓಡುತ್ತಲೂ ಇದ್ದೆ. ಆದರೆ ತೊಡೆಯ ಮೇಲೆ ಕೈ ಇಡುವುದು ನಮ್ಮ ಮನೆಯಲ್ಲಿ ದೊಡ್ಡ ಅಪರಾಧ. ಕೈ ಬಿಟ್ಟು ನಡೆದರೆ ಹತ್ತು ಹೆಜ್ಜೆ ಚೆಂದ, ಹನ್ನೊಂದನೆಯದಕ್ಕೆ ಮೊಣಕಾಲು ಮಡಚಿಕೊಳ್ಳುತ್ತಿತ್ತು.

ಹತ್ತೇ ಏಕೆ ಅಂದರೆ, ಬ್ಯಾಡಗಿಯ ನಮ್ಮ ಮನೆಯಲ್ಲಿ ಅಡುಗೆಮನೆಯಿಂದ ಪಡಸಾಲೆಗೆ ಹತ್ತು ಹೆಜ್ಜೆ. ಅಷ್ಟಕ್ಕೇ ಅವ್ವ ನನ್ನನ್ನು ತಯಾರು ಮಾಡಿದ್ದಳು. ಪಡಸಾಲೆಯಲ್ಲಿ ಕೂರುತ್ತಿದ್ದವಳು ಅತ್ತೆ, ಅಪ್ಪನ ಅಕ್ಕ. ಆಕೆಯನ್ನು ರಾಣೇಬೆನ್ನೂರಿಗೆ ಕೊಟ್ಟಿದ್ದರು, ಪ್ರತಿ ವರ್ಷ ಪಂಚಮಿಗೆ ತವರಿಗೆ ಬರುತ್ತಿದ್ದಳು. ಆಕೆಗೊಬ್ಬ ಮಗನಿದ್ದ. ನಮ್ಮ ಕಡೆ ಅತ್ತೆಗೆ ಮಗನಿದ್ದಾನೆ ಅಂದರೆ ಹುಡುಗಿಯ ತಾಯಿ ಅರ್ಧ ಮದುವೆ ಆಯಿತು ಅಂತಲೇ ಲೆಕ್ಕ ಹಾಕುತ್ತಾಳೆ. ಅವ್ವ ಅತ್ತೆಗೆ, “ಕಾಲು ಈಗ ಪೂರಾ ಸುಧಾರಿಸೈತಿ ಯಕ್ಕಾ” ಅಂತ ಹೇಳಿಬಿಟ್ಟಿದ್ದಳು. ಹೇಳಿದ್ದನ್ನು ವರ್ಷಕ್ಕೊಮ್ಮೆ ನಾನು ನಡೆದು ತೋರಿಸಬೇಕು.

ತೋರಿಸುವ ಕ್ರಮ ಹೀಗೆ. ತಾಟಿನಲ್ಲಿ ಶೇಂಗಾ ಉಂಡಿ, ಚಹಾದ ಕಪ್ಪು. ಎರಡೂ ಕೈಗೆ ತಾಟು ಕೊಟ್ಟರೆ ತೊಡೆಗೆ ಕೈ ಹೋಗುವುದಿಲ್ಲ ಎಂಬುದು ಅವ್ವನ ಸ್ವಂತ ಸಂಶೋಧನೆ. ನಾನು ಉಸಿರು ಬಿಗಿಹಿಡಿದು ಹತ್ತು ಹೆಜ್ಜೆ ಹೋಗಿ ತಾಟು ಇಡುತ್ತಿದ್ದೆ. ತಿರುಗಿ ಬರಲು ಕಾಲಿನಲ್ಲಿ ಕಸುವು ಉಳಿಯುತ್ತಿರಲಿಲ್ಲ. ಹಾಗಾಗಿ ಅತ್ತೆಯ ಪಕ್ಕದಲ್ಲೇ ಕುಸಿದು ಕುಳಿತು, ಆಕೆ ಎದ್ದು ಹೋಗುವವರೆಗೆ ಅಲ್ಲಾಡುತ್ತಿರಲಿಲ್ಲ. “ಎಷ್ಟು ಹಚ್ಚಿಕೊಂಡೈತಿ ನೋಡು ಕೂಸು ನನ್ನ” ಅಂತ ಅತ್ತೆ ತಲೆ ಸವರುತ್ತಿದ್ದಳು.

ಪಂಚಮಿಗೆ ಮೊದಲು ತಿಂಗಳುಗಟ್ಟಲೆ ತಾಲೀಮು. ಉಂಡಿಯ ಬದಲು ಲಿಂಬೆಹಣ್ಣು, ಚಹಾದ ಬದಲು ನೀರು. ಮೆಣಸಿನಕಾಯಿ ಸುಗ್ಗಿಯಲ್ಲಂತೂ ದೇವರೇ ಗತಿ. ಬೀದಿಯಲ್ಲಿ ಚೀಲ ತುಂಬಿದ ಗಾಡಿ ಹೋದರೆ ಸಾಕು, ಏಳನೆಯ ಹೆಜ್ಜೆಗೆ ಸೀನು ಬಂದು ಲಿಂಬೆಹಣ್ಣು ಮಂಚದ ಕೆಳಗೆ ಉರುಳುತ್ತಿದ್ದವು. “ಮತ್ತ ಮೊದಲಿಂದ” ಅನ್ನುತ್ತಿದ್ದಳು ಅವ್ವ, ತಾನೂ ಸೀನುತ್ತ. ಕುಂಟು ಎಂಬ ಶಬ್ದವನ್ನು ಆಕೆ ಬಾಯಿಗೆ ತರುತ್ತಿರಲಿಲ್ಲ. ಓಣಿಯ ಹುಡುಗಿಯರು ಕುಂಟಾಬಿಲ್ಲೆ ಆಡಿದರೆ ಅದನ್ನೂ ಬರೇ ‘ಬಿಲ್ಲೆ ಆಟ’ ಅಂತಲೇ ಕರೆಯುತ್ತಿದ್ದಳು.

ಅಪ್ಪ ಟೇಲರು. ಆತನ ಕಾಣಿಕೆ ಲಂಗದ ಅಂಚಿನಲ್ಲಿತ್ತು. ನಾನು ನಿಂತರೆ ಎಡಗಡೆ ಇಳಿಜಾರು, ಲಂಗವೂ ಎಡಗಡೆ ನೆಲ ಮುಟ್ಟುತ್ತಿತ್ತು. ಆದ್ದರಿಂದ ಆತ ಎಡಗಡೆಯ ಅಂಚನ್ನು ಒಂದೂವರೆ ಇಂಚು ಮೇಲೆ ಮಡಚಿ ಹೊಲಿಯುತ್ತಿದ್ದ. ನಾನು ಹಾಕಿಕೊಂಡರೆ ಸುತ್ತಲೂ ಸಮ. ಒಮ್ಮೆ ಪಕ್ಕದ ಮನೆಯ ಹುಡುಗಿ ಶಾಲೆಯ ಗ್ಯಾದರಿಂಗಿಗೆಂದು ಆ ಲಂಗ ಇಸಿದುಕೊಂಡು ಹೋದಳು. ಸ್ಟೇಜಿನ ಮೇಲೆ ಆಕೆ ಕುಣಿದದ್ದು ನೋಡಿ ನಾಲ್ಕು ಜನ ಆಕೆಯ ತಾಯಿಯ ಹತ್ತಿರ, “ಹುಡುಗಿ ಕಾಲಿಗೆ ಏನಾಗೇತಿರಿ?” ಅಂತ ಕೇಳಿದರಂತೆ. ನನಗೆ ವಾರವಿಡೀ ಖುಷಿ.

ಶಾಲೆಯಲ್ಲಿ ನನಗೊಂದು ಹುದ್ದೆ ಇತ್ತು. ಆಟದ ಪಿರಿಯಡ್ಡು ಬಂತೆಂದರೆ ಪಿ.ಟಿ. ಮಾಸ್ತರರು ಬೇವಿನ ಗಿಡದ ಕಡೆ ಕೈ ತೋರಿಸಿ, “ನೀ ಕುಂದ್ರವಾ, ಚಪ್ಪಲಿ ನೋಡ್ಕೋ” ಅನ್ನುತ್ತಿದ್ದರು. ಎಲ್ಲರೂ ಚಪ್ಪಲಿ ಬಿಟ್ಟು ಖೋ ಖೋ ಆಡಲು ಹೋಗುತ್ತಿದ್ದರು. ನಾನು ಕಾಯುತ್ತಿದ್ದೆ. ಮಾಸ್ತರರು ಕೆಟ್ಟವರಲ್ಲ, ನನಗೆ ನೆರಳು ಕೊಟ್ಟು ಉಪಕಾರ ಮಾಡಿದೆನೆಂದೇ ತಿಳಿದಿದ್ದರು. ಮೂರು ವರ್ಷ ಕಾದೆ. ಯಾರ ಚಪ್ಪಲಿಯ ಹೆಬ್ಬೆರಳಿನ ಉಂಗುಷ್ಠ ಕಿತ್ತಿದೆ, ಯಾರದಕ್ಕೆ ಪಿನ್ನು ಚುಚ್ಚಿದೆ, ಯಾರು ಅಣ್ಣನ ಚಪ್ಪಲಿ ಹಾಕಿಕೊಂಡು ಬಂದಿದ್ದಾರೆ, ಎಲ್ಲ ನನಗೆ ಬಾಯಿಪಾಠ. ಕಾದಷ್ಟೂ ಸಿಟ್ಟು ಹೆಚ್ಚುತ್ತಿತ್ತು. ನನ್ನ ಆಸೆ ಬಹಳ ದೊಡ್ಡದೇನಲ್ಲ. ಒಂದೇ ಒಂದು ಸಲ ನನ್ನ ಚಪ್ಪಲಿಯನ್ನು ಬೇರೆ ಯಾರಾದರೂ ಕಾಯಬೇಕು, ನಾನು ಮೈದಾನದಲ್ಲಿ ಇರಬೇಕು.

ಎಂಟನೆಯ ಇಯತ್ತೆಯಲ್ಲಿದ್ದಾಗ, ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ಶಾಲೆಗೆ ಒಂದು ಕಾಗದ ಬಂತು. ರಾಣೇಬೆನ್ನೂರಿನಲ್ಲಿ ಅಂಗವಿಕಲ ಮಕ್ಕಳ ಆಟೋಟ, ಪ್ರತಿ ಶಾಲೆಯಿಂದ ಮಕ್ಕಳನ್ನು ಕಳಿಸಬೇಕು. ನಮ್ಮ ಶಾಲೆಯ ಪಾಲಿಗೆ ಇದ್ದವಳು ನಾನೊಬ್ಬಳೇ. ಮಾಸ್ತರರು ಅಂದು ಬೇವಿನ ಗಿಡದ ಹತ್ತಿರ ತಾವೇ ಬಂದರು. “ಐವತ್ತು ಮೀಟರ್ ಓಡ್ತಿಯೇನವಾ?” ಅಂದರು. ನಾನು ಎದ್ದ ರಭಸಕ್ಕೆ ಎರಡು ಜೊತೆ ಚಪ್ಪಲಿ ದಿಕ್ಕಾಪಾಲಾದವು.

ಆದರೆ ಓಡಲು ಸರ್ಟಿಫಿಕೇಟು ಬೇಕು. ವಾರಕ್ಕೊಂದು ದಿನ ಹಾವೇರಿಯಲ್ಲಿ ಡಾಕ್ಟರರು ಕುಳಿತು, ಯಾರಿಗೆ ನೂರಕ್ಕೆ ಎಷ್ಟು ಊನ ಅಂತ ಬರೆದುಕೊಡುತ್ತಿದ್ದರು. ಮಾಸ್ತರರು ಅಂಗಡಿಗೆ ಬಂದು ಅಪ್ಪನಿಗೆ ಹೇಳಿದರು. ಅಪ್ಪ ಅವ್ವನಿಗೆ ಹೇಳಿದ. ಅವ್ವ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ನಾನು ಊಟ ಬಿಟ್ಟೆ. ನನಗಿಂತ ಮೊದಲು ಆಕೆ ಸೋತಳು. “ಅಕ್ಕಾರಿಗೆ ಗೊತ್ತಾಗಬಾರದು, ಅಷ್ಟ” ಅಂದಳು.

ಡಾಕ್ಟರರ ಮುಂದೆ ಹೋಗುವುದು ಅಂದರೆ ದೊಡ್ಡವರ ಮುಂದೆ ಹೋಗುವುದು. ಅವ್ವ ಎಣ್ಣೆ ಹಚ್ಚಿ ಹೆರಳು ಹಾಕಿದಳು, ಪಂಚಮಿಯ ಲಂಗ ಉಡಿಸಿದಳು, ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸಿ ಕಾಲಿಗೆ ವಿಶ್ರಾಂತಿ ಕೊಟ್ಟಳು. ಹಾವೇರಿ ಬಸ್‌ಸ್ಟ್ಯಾಂಡಿನಿಂದ ಟಾಂಗಾ ಮಾಡಿಸಿದಳು. ಸಾಲಿನಲ್ಲಿ ನನ್ನ ಪಾಳಿ ಬಂದಾಗ ಕಾಲು ಎಂದೂ ಇರದಷ್ಟು ತಾಜಾ ಇತ್ತು. ಡಾಕ್ಟರರು ಟೇಪು ಹಿಡಿದು ಅಳೆದರು, ಮೊಣಕಾಲು ಮಡಚಿ ನೋಡಿದರು. “ಎಲ್ಲಿ, ನಡದು ತೋರಸು” ಅಂದರು.

ಬಾಗಿಲಿನಿಂದ ಮೇಜಿಗೆ ಎಣಿಸಿದಂತೆ ಹತ್ತು ಹೆಜ್ಜೆ. ನಾನು ಓಡಬೇಕಾದರೆ ಕುಂಟಬೇಕು ಅನ್ನುವುದು ತಲೆಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಅಪರಿಚಿತರು ನೋಡುತ್ತಿದ್ದಾರೆ ಅಂದದ್ದೇ ತಡ, ಎರಡೂ ಕೈ ತಾವಾಗಿ ಮುಂದೆ ಬಂದವು. ಇಲ್ಲದ ತಾಟನ್ನು ಹಿಡಿದುಕೊಂಡು ನಾನು ರಾಣಿಯ ಹಾಗೆ ನಡೆದು ಹೋಗಿ ಮೇಜಿನ ಮುಂದೆ ನಿಂತೆ. ಡಾಕ್ಟರರು ನನ್ನ ಖಾಲಿ ಕೈ ನೋಡಿದರು. “ಚೊಲೋ ನಡೀತಾಳಲ್ರಿ” ಅಂತ ಮೂವತ್ತು ಬರೆದರು. ಅವರದೇನೂ ತಪ್ಪಿಲ್ಲ.

ಅವ್ವನಿಗೆ ಹಿಗ್ಗೇ ಹಿಗ್ಗು. “ಬರೇ ಮೂವತ್ತಂತ” ಅಂತ ಬಸ್ಸಿನಲ್ಲಿ ಪಕ್ಕದ ಹೆಂಗಸಿಗೂ ಹೇಳಿದಳು, ಕಂಡಕ್ಟರನಿಗೂ ಹೇಳಿದಳು. ಅಪ್ಪ ಮಾತ್ರ ಕಾಗದವನ್ನು ತಿರುವಿ ಮುರುವಿ ನೋಡಿ, “ಮೂವತ್ತೈದಕ್ಕ ಪಾಸಲ್ಲೇನ ಮತ್ತ?” ಅಂದ. ಮರುದಿನ ಮಾಸ್ತರರು ಕಾಗದ ನೋಡಿ ಹಣೆ ಹಿಡಿದುಕೊಂಡರು. “ನಲವತ್ತರ ಕೆಳಗ ಇದ್ದವರನ್ನ ಓಡಸಂಗಿಲ್ಲರಿ” ಅಂತ ಅಪ್ಪನಿಗೆ ಹೇಳಿದರು. ನೋಡಿ ನನ್ನ ನಸೀಬು. ಕುಂಟಿ ಅಂತ ಶಾಲೆಯ ಆಟಕ್ಕೆ ಸೇರಿಸಲಿಲ್ಲ, ಸಾಕಷ್ಟು ಕುಂಟಿಯಲ್ಲ ಅಂತ ಅಂಗವಿಕಲರ ಆಟಕ್ಕೂ ಸೇರಿಸಲಿಲ್ಲ. ಅವತ್ತಿನ ಪಿರಿಯಡ್ಡಿನಲ್ಲಿ ಬೇವಿನ ಗಿಡದ ಕೆಳಗೆ ಕುಳಿತು ಕಣ್ಣೀರು ಹಾಕಿದೆ. ಎಲ್ಲರ ಚಪ್ಪಲಿಗಳನ್ನೂ ಎಡಬಲ ಅದಲು ಬದಲು ಮಾಡಿಟ್ಟೆ. ಸ್ವಲ್ಪ ಸಮಾಧಾನವಾಯಿತು.

ಇನ್ನೊಮ್ಮೆ ಡಾಕ್ಟರರ ಬೋರ್ಡಿನ ಮುಂದೆ ಹೋಗಬಹುದು ಅಂತ ಮಾಸ್ತರರು ವಿಚಾರಿಸಿಕೊಂಡು ಬಂದರು. ಈಗ ಮನೆಯಲ್ಲಿ ಉಲ್ಟಾ ತಾಲೀಮು. ಅಪ್ಪ ಅಂಗಡಿ ಮುಚ್ಚಿ ಬಂದು ಪಡಸಾಲೆಯಲ್ಲಿ ನಿಂತು, “ಹಾಂ, ಈಗ ಕುಂಟು” ಅನ್ನುತ್ತಿದ್ದ. ಹೇಳಿ ಮಾಡಿಸಿದರೆ ಅದು ಬರುತ್ತದೆಯೇ? ನಾನು ಯೋಚಿಸಿ ಯೋಚಿಸಿ ಬಲಗಾಲು ಕುಂಟಿದೆ. ಅಪ್ಪ ತಾನೇ ಕುಂಟಿ ತೋರಿಸಿದ, ಹೊಸ್ತಿಲು ಎಡವಿ ಬಿದ್ದ, ಎರಡು ದಿನ ಖರೇನೇ ಕುಂಟಿದ. ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಮಾತ್ರ ಜೋರಾಯಿತು. ಸುದ್ದಿ ಕೇಳಿದ ಮಾಸ್ತರರು, “ನಾಟಕ ಏನೂ ಬ್ಯಾಡರಿ. ಬಸ್‌ಸ್ಟ್ಯಾಂಡಿನಿಂದ ನಡಿಸಿಕೊಂಡು ಹೋಗ್ರಿ ಸಾಕು” ಅಂದರು.

ಹಾಗೇ ಹೋದೆವು. ಈ ಸಲ ಮೇಜಿನ ಹಿಂದೆ ಇದ್ದವರು ಒಬ್ಬ ಹೆಣ್ಣು ಡಾಕ್ಟರು. ಹಳೆಯ ಕಾಗದ ನೋಡಿ, “ಆಗಲೇ ಮೂವತ್ತು ಅಂತ ಬರದಾರಲ್ಲ, ಮತ್ತ ಯಾಕ ಬಂದೀರಿ?” ಅಂದರು. ಅಪ್ಪ ಅವ್ವನ ಕಡೆ ನೋಡಿದ. ನಾನು ನಡೆಯಲು ಎದ್ದೆ, ಆದರೆ ಅಷ್ಟು ದೂರ ನಡೆದು ಬಂದಿದ್ದರೂ ಹೊರಗೆ ಸಾಲಿನಲ್ಲಿ ಒಂದು ತಾಸು ಕುಳಿತು ಕಾಲು ದಣಿವಾರಿಸಿಕೊಂಡಿತ್ತು. ಹಾಳಾದ್ದು ಕೈ ಮತ್ತೆ ತಾಟು ಹಿಡಿಯಿತು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಆಗ ಅವ್ವ ಬಾಯಿ ಬಿಟ್ಟಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ನೆಲ ನೋಡುತ್ತ, “ಅದು ನಾನ ಕಲಿಸಿದ್ದರಿ ಬಾಯಾರ. ಹತ್ತು ಹೆಜ್ಜಿ ಅಷ್ಟ ಬರ್ತೈತಿ. ಮುಂದ ಬರಂಗಿಲ್ಲ” ಅಂದಳು.

ಡಾಕ್ಟರರು ಪೆನ್ನು ಕೆಳಗಿಟ್ಟರು. “ಯಾಕ ಕಲಿಸಿದ್ರಿ?”

“ನೋಡಿದವರು ಏನಂತಾರ ಅಂತ.”

ಡಾಕ್ಟರರು ಎದ್ದು ಬಂದು ನನ್ನನ್ನು ಹೊರಗಿನ ಉದ್ದನೆಯ ಪಡಸಾಲೆಗೆ ಕರೆದುಕೊಂಡು ಹೋಗಿ, “ಆ ತುದಿ ತನಕ ನಡಿ. ನನಗ ಹನ್ನೊಂದನೇ ಹೆಜ್ಜಿಯಿಂದ ನೋಡೂದೈತಿ” ಅಂದರು. ಹನ್ನೊಂದಕ್ಕೆ ಮೊಣಕಾಲು ಮಡಚಿತು, ಕೈ ತೊಡೆಗೆ ಹೋಯಿತು. ಸಾಲಿನಲ್ಲಿ ಕುಳಿತವರೆಲ್ಲ ನೋಡುತ್ತಿದ್ದರು. ಆ ತುದಿ ಮುಟ್ಟಿ ತಿರುಗಿದಾಗ ಅವ್ವ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಕಾಗದದಲ್ಲಿ ನಲವತ್ತೈದು ಬಂತು. “ಈಗ ಪಾಸ್” ಅಂದ ಅಪ್ಪ.

ಆಟದ ದಿನ ರಾಣೇಬೆನ್ನೂರಿನ ಮೈದಾನದಲ್ಲಿ ನನ್ನಂಥವರು ಎಷ್ಟು ಜನ ಅಂತೀರಿ. ಊರಿಗೊಬ್ಬಳೇ ಅಂದುಕೊಂಡಿದ್ದ ನನಗೆ ಅದೇ ಒಂದು ಸೋಜಿಗ. ಕುಪ್ಪೇಲೂರಿನ ಒಬ್ಬಳು ಊರುಗೋಲು ಕಂಕುಳಲ್ಲಿಟ್ಟುಕೊಂಡು ಐಸ್‌ಕ್ಯಾಂಡಿ ಚೀಪುತ್ತ, “ನಿಂದು ಎಷ್ಟು?” ಅಂತ ಕೇಳಿದಳು. ನಲವತ್ತೈದು ಅಂದೆ. “ನಂದು ಅರವತ್ತು” ಅಂದಳು, ದೊಡ್ಡಸ್ತಿಕೆಯಿಂದ. ನಾನು ಚಪ್ಪಲಿ ಬಿಟ್ಟೆ. ಮಾಸ್ತರರು ಅವನ್ನು ಎತ್ತಿಕೊಂಡು, “ನಾ ನೋಡ್ಕೋತೇನಿ, ನೀ ಹೋಗವಾ” ಅಂದರು. ಮೂರು ವರ್ಷದ ಸಿಟ್ಟು ಅರ್ಧಕ್ಕರ್ಧ ಅಲ್ಲೇ ಇಳಿಯಿತು.

ಗೆರೆಯ ಮೇಲೆ ನಿಂತು ಕತ್ತೆತ್ತಿದರೆ, ಎದುರಿಗೆ ಹಗ್ಗದ ಆಚೆ ಅವ್ವ, ಅಪ್ಪ. ಅವರ ಪಕ್ಕದಲ್ಲಿ ಅತ್ತೆ. ಆಕೆಯ ಮನೆ ಅಲ್ಲೇ ಹಿಂದಿನ ಓಣಿಯಲ್ಲಿ, ಮೈಕಿನ ಸಪ್ಪಳ ಕೇಳಿ ಏನು ನಡೆದಿದೆ ಅಂತ ನೋಡಲು ಬಂದಿದ್ದಳು. ಅವ್ವನ ಮುಖ ಸುಣ್ಣದ ಗೋಡೆಯಾಗಿತ್ತು. ಸೀಟಿ ಊದಿದರು. ಉಳಿದ ಐದು ಹುಡುಗಿಯರು ಹೋದರು. ನಾನು ಎರಡೂ ಕೈ ಮುಂದೆ ಹಿಡಿದು, ಬೆನ್ನು ನೆಟ್ಟಗೆ ಮಾಡಿ, ಅತ್ತೆಗೆ ಚಹಾ ಒಯ್ಯುವವಳ ಹಾಗೆ ನಡೆಯತೊಡಗಿದೆ. ಸುತ್ತಲಿದ್ದವರು ನಗತೊಡಗಿದರು. ಒಂದು, ಎರಡು, ಮೂರು. ನನಗೆ ಅಳು ಬರುತ್ತಿತ್ತು, ಕೈ ಮಾತ್ರ ಕೆಳಗಿಳಿಯಲೊಲ್ಲದು.

ಆಗ ಕೇಳಿತು. “ಕೈ ತೊಡಿ ಮ್ಯಾಲ ಇಡು! ಕುಂಟಿಕೋಂತ ಓಡು! ಕುಂಟು ನನ ಮಗಳ, ಕುಂಟು!”

ಹನ್ನೊಂದು ವರ್ಷ ಬಾಯಿಗೆ ಬರದ ಶಬ್ದವನ್ನು ಅವ್ವ ಮೈಕಿಗಿಂತ ಜೋರಾಗಿ ಕೂಗುತ್ತಿದ್ದಳು. ತಲೆಯ ಮೇಲಿನ ಸೆರಗು ಜಾರಿದ್ದೂ ಆಕೆಗೆ ಗೊತ್ತಿರಲಿಲ್ಲ. ನಾನು ತಾಟು ಬಿಸಾಡಿದೆ. ಕೈ ತೊಡೆಗೆ ಒತ್ತಿ, ಮೈ ಓಲಾಡಿಸುತ್ತ, ನಾನು ಹೇಗೆ ಓಡುತ್ತೇನೋ ಹಾಗೆ ಓಡಿದೆ. ಇಬ್ಬರನ್ನು ಹಿಂದೆ ಹಾಕಿ ನಾಲ್ಕನೆಯವಳಾದೆ. ನಾಲ್ಕನೆಯದಕ್ಕೆ ಬಹುಮಾನವಿರಲಿಲ್ಲ. ನನ್ನ ಚಪ್ಪಲಿ ಕಂಕುಳಲ್ಲಿಟ್ಟುಕೊಂಡು ಚಪ್ಪಾಳೆ ತಟ್ಟಲು ಹೋದ ಮಾಸ್ತರರು ಒಂದನ್ನು ಬೀಳಿಸಿದರು. ಅದನ್ನು ಬಹಳ ಹೊತ್ತು ಹುಡುಕಬೇಕಾಯಿತು.

ಅತ್ತೆ ನನ್ನ ಬೆವರು ಒರೆಸುತ್ತ ಅವ್ವನಿಗೆ, “ನಾ ಏನ ಕುರುಡಿ ಅಂತ ತಿಳಿದೀಯೇನು? ಪ್ರತಿ ಪಂಚಮಿಗೆ ಚಹಾ ಕುಡದು, ಕೂಸು ಒಳಗ ಹೋಗಲಿ ಅಂತ ನಾನ ಲಗೂನ ಹಿತ್ತಲಕ್ಕ ಎದ್ದು ಹೋಗತಿದ್ದೆ” ಅಂದಳು. ಅವ್ವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡೂ ಮಾಡಿದಳು. ಅತ್ತೆಯ ಮಗ ಮುಂದೆ ಯಾರನ್ನೋ ಮದುವೆಯಾದ. ನಾನಂತೂ ರಾತ್ರಿಯಿಡೀ ಗೊರಕೆ ಹೊಡೆಯುವ ಆತನನ್ನು ಎಂದೂ ಬಯಸಿರಲಿಲ್ಲ, ನನ್ನನ್ನು ಯಾರೂ ಕೇಳಿರಲಿಲ್ಲ ಅಷ್ಟೆ.

ಸಂಜೆ ಬ್ಯಾಡಗಿಯಲ್ಲಿ ಬಸ್ಸಿಳಿದು ಮನೆಗೆ ನಡೆದೆವು. ನಮ್ಮ ಓಣಿಯ ಕಟ್ಟೆಯ ಮೇಲೆ ಎಂದಿನಂತೆ ಹೆಂಗಸರು ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕುಳಿತಿದ್ದರು. ಎಲ್ಲರೂ ತಲೆ ಎತ್ತಿ ನೋಡಿದರು. ರೂಢಿಯ ಪ್ರಕಾರ ನಾನು ತೊಡೆಯ ಮೇಲಿನ ಕೈ ತೆಗೆದು ಬೆನ್ನು ನೆಟ್ಟಗೆ ಮಾಡಿದೆ, ಒಂದು, ಎರಡು ಎಣಿಸಿದೆ. ಅವ್ವ ನನ್ನ ಕೈ ಹಿಡಿದು ಮತ್ತೆ ತೊಡೆಯ ಮೇಲೆ ಇಟ್ಟಳು.

“ದಣದೀ” ಅಂದಳು. “ಹೆಂಗ ಬರತೈತಿ ಹಂಗ ನಡಿ.”