ಇಪ್ಪತ್ತಕ್ಕೆ ನಾಲ್ಕು

ಮದುವೆಯಾಗಿ ಬಂದ ಮೂರನೇ ದಿನ ನಾನು ನಮ್ಮತ್ತೆಯ ಪರೀಕ್ಷೆಯಲ್ಲಿ ಫೇಲಾದೆ. ಜಗಲಿಯಲ್ಲಿ ಮನೆಮಂದಿಯೆಲ್ಲ ಕೂತಿದ್ದರು. ಅತ್ತೆ ಒಂದು ದೊಡ್ಡ ಹಲಸಿನಹಣ್ಣನ್ನು ನನ್ನ ಮುಂದೆ ಉರುಳಿಸಿ, ಮುಖ ಗಂಟಿಕ್ಕಿಕೊಂಡು, "ಇದೆಂತದು ಹೇಳು ನೋಡಣ?" ಅಂದರು. ನಾನು ಸೆರಗು ಸರಿಮಾಡಿಕೊಂಡು, "ಹಲಸಿನಹಣ್ಣು, ಅತ್ತೆ" ಅಂದೆ. ಅತ್ತೆ ನನ್ನ ಗಂಡನ ಕಡೆ ತಿರುಗಿ, "ಪಾಪ, ಓದಿದ ಹುಡುಗಿ" ಅಂದರು.

ಆಮೇಲೆ ಗೊತ್ತಾಯಿತು. ತೀರ್ಥಹಳ್ಳಿ ಕಡೆಯ ಈ ಅರಳಸುರಳಿ ಸುತ್ತಿನ ಮನೆಗಳಲ್ಲಿ ಕಣ್ಣಿಗೆ ಕಾಣುವ ವಸ್ತುವನ್ನು ಹಿಡಿದು "ಇದೆಂತದು" ಅಂತ ಕೇಳಿದರೆ ಅದು ಪ್ರಶ್ನೆಯಲ್ಲ, ಕೀಟಲೆ. ಕೇಳುವವರು ನಗಬಾರದು. ಉತ್ತರ ಕೊಡುವವರು ಒಂದು ಭಾರೀ ಸುಳ್ಳು ಹೇಳಬೇಕು, ಅವರೂ ನಗಬಾರದು. ಮೊದಲು ನಕ್ಕವರು ಸೋತ ಹಾಗೆ. ಅವತ್ತು ನಾನು "ನಿಮ್ಮ ಮಗನ ತಲೆ" ಅಂದಿದ್ದರೆ ಅಲ್ಲಿಗೇ ಈ ಮನೆಯವಳಾಗಿಬಿಡುತ್ತಿದ್ದೆ. ಆದರೆ ನಾನು ಸಾಗರದ ಪೇಟೆಯಲ್ಲಿ ಬೆಳೆದವಳು, ಗುಮಾಸ್ತರ ಮಗಳು. ನಮ್ಮಪ್ಪ ಕೇಳಿದ್ದಕ್ಕೆ ಸರಿಯುತ್ತರ ಬರದಿದ್ದರೆ ಕಿವಿ ಕೆಂಪಾಗುತ್ತಿತ್ತು. ಹನ್ನೆರಡು ವರ್ಷವಾದರೂ ನನಗೆ ಆ ಆಟ ಬರಲಿಲ್ಲ. ಅತ್ತೆಯೂ ನನ್ನನ್ನು ಕೇಳುವುದು ಬಿಟ್ಟರು.

ನಾನು ಹೊಸನಗರ ತಾಲ್ಲೂಕಿನ ಒಂದು ಶಾಲೆಯಲ್ಲಿ ಒಂದನೇ ಕ್ಲಾಸಿನ ಟೀಚರ್. ಹೋದ ವರ್ಷ ತೀರ್ಥಹಳ್ಳಿಯಲ್ಲಿ ನಮಗೆ ಮೂರು ದಿನ ತರಬೇತಿ ಇತ್ತು, ಮಗುವಿನ ಬೆಳವಣಿಗೆ ಅಳೆಯುವುದು ಹೇಗೆ ಅಂತ. ಬಂದಿದ್ದ ಸಂಪನ್ಮೂಲ ವ್ಯಕ್ತಿ ಒಂದು ಚಾರ್ಟ್ ತೋರಿಸಿದರು. ಅದರಲ್ಲಿ ಒಂದು ಏಣಿ. ಕೆಳಗೆ ಅಂಬೆಗಾಲಿಡುವ ಕೂಸು, ನಡುವೆ ಬೂಟು ಹಾಕಿಕೊಂಡ ಮಕ್ಕಳು, ತುದಿಯಲ್ಲಿ ಟೈ ಕಟ್ಟಿ ಬ್ಯಾಗ್ ಹಿಡಿದ ಗಂಡಸು. ಪ್ರಪಂಚದ ಎಲ್ಲ ಮಕ್ಕಳೂ ಇದೇ ಏಣಿ ಹತ್ತುವುದು ಅಂದರು. ಪ್ರಶ್ನೆ ಕೇಳುವಾಗ ನಗಬೇಡಿ, ಸುಳಿವು ಕೊಡಬೇಡಿ, ಮುಖದಲ್ಲಿ ಏನೂ ತೋರಿಸಬೇಡಿ ಅಂದರು. ನಾನದನ್ನು ಕೆಂಪು ಪೆನ್ನಿನಲ್ಲಿ ಬರೆದುಕೊಂಡೆ. ಮಧ್ಯಾಹ್ನ ಹೋಳಿಗೆ ಊಟ ಇತ್ತು, ಹಾಗಾಗಿ ಯಾರೂ ಎದುರು ಪ್ರಶ್ನೆ ಹಾಕಲಿಲ್ಲ.

ಚಾರ್ಟ್ ಮನೆಗೆ ತಂದಾಗ ಅತ್ತೆ ಕನ್ನಡಕ ಏರಿಸಿ ನೋಡಿದರು. "ತುದೀಲಿ ನಿಂತವ ಯಾರೇ? ಇನ್ಶೂರೆನ್ಸಿನವನಾ?"

"ಅಲ್ಲ ಅತ್ತೆ, ಪೂರ್ತಿ ಬೆಳೆದ ಮನುಷ್ಯ."

"ಇಷ್ಟೆಲ್ಲ ಹತ್ತಿ ಹಿಂಗಾಗೋದಾ!" ಅಂದು ಕನ್ನಡಕ ತೆಗೆದಿಟ್ಟರು.

ಈ ವರ್ಷ ನನ್ನ ಮೈದುನನ ಮಗಳು ನಮ್ಮ ಶಾಲೆಗೇ ಸೇರಬೇಕಿತ್ತು. ಆರು ತುಂಬುವ ಹುಡುಗಿ, ಮನೆಯಲ್ಲಿ ಎಲ್ಲರಿಗೂ ಪುಟ್ಟಿ. ಮೇ ತಿಂಗಳ ಒಂದು ಬೆಳಿಗ್ಗೆ ಅವಳನ್ನು ಜಗಲಿಯಲ್ಲಿ ಕೂರಿಸಿಕೊಂಡು, ತರಬೇತಿಯಲ್ಲಿ ಕೊಟ್ಟಿದ್ದ ಪ್ರಶ್ನೆಗಳ ಹಾಳೆ, ಕೆಂಪು ಪೆನ್ನು ತೆಗೆದೆ. ಮುಖವನ್ನು ಒರೆಸಿದ ಸ್ಲೇಟಿನ ಹಾಗೆ ಮಾಡಿಕೊಂಡು, ಹಸುವಿನ ಚಿತ್ರ ತೋರಿಸಿ, "ಇದೇನು?" ಅಂದೆ.

ಅವಳ ಕಣ್ಣು ಅರಳಿತು. ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ತಾನೂ ಮುಖ ಬಿಗಿದುಕೊಂಡು, "ನಮ್ಮ ಮಾವ" ಅಂದಳು.

ಸೊನ್ನೆ ಹಾಕಿದೆ. ಇದಕ್ಕೆ ಕಾಲೆಷ್ಟು ಅಂದರೆ, "ನಿಂತಾಗಲಾ, ಮಲಗಿದಾಗಲಾ?" ಅಂದಳು. ಕೆಂಪು ಚೀಟಿ ಹಿಡಿದು ಬಣ್ಣ ಕೇಳಿದರೆ "ಹುಳಿ" ಅಂದಳು. ಕತ್ತಿ, ಚಮಚ, ಬದನೆಕಾಯಿ, ಟೊಮೆಟೊ ಚಿತ್ರ ಕೊಟ್ಟು, ಒಂದು ಗುಂಪಿಗೆ ಸೇರುವುದನ್ನು ಜೋಡಿಸು ಅಂದೆ. ಕತ್ತಿಯನ್ನು ಬದನೆಕಾಯಿ ಪಕ್ಕ ಇಟ್ಟಳು. ನನ್ನ ಕೈಯಲ್ಲಿದ್ದ ಉತ್ತರದ ಹಾಳೆಯ ಪ್ರಕಾರ ಅದು ಚಮಚದ ಪಕ್ಕ ಇರಬೇಕು. ಯಾಕೆ ಹೀಗಿಟ್ಟೆ ಅಂದೆ. "ಚಮಚದ ಹತ್ರ ಇಟ್ರೆ ಬದನೆಕಾಯಿ ಹೆಚ್ಚೋದು ಯಾರು ದೊಡ್ಡಮ್ಮಾ?" ಅಂತ ಕೇಳಿದಳು. ಇದೊಂದನ್ನು ಮಾತ್ರ ಅವಳು ನಿಜವಾಗಿಯೂ ಕೇಳಿದ್ದು. ಅದಕ್ಕೂ ಸೊನ್ನೆ.

ಕೊನೆಗೆ ನೀರಿನ ಪ್ರಶ್ನೆ. ಎರಡು ಲೋಟದಲ್ಲಿ ಸಮ ಸಮ ನೀರು ತೋರಿಸಿ, ಒಂದನ್ನು ಉದ್ದದ ಲೋಟಕ್ಕೆ ಸುರಿದು, ಯಾವುದರಲ್ಲಿ ಜಾಸ್ತಿ ಅಂತ ಕೇಳಬೇಕು. "ಎರಡೂ ಒಂದೇ" ಅಂದಳು. ಹೇಳಿಕೊಟ್ಟಿದ್ದ ಪ್ರಕಾರ ಇನ್ನೊಂದು ಸಲ ಕೇಳಿದೆ. ತನ್ನ ಉತ್ತರ ಸಪ್ಪೆಯಾಯಿತು ಅಂದುಕೊಂಡಳೋ ಏನೋ, "ಉದ್ದದ್ರಲ್ಲಿ ಮೊಸಳೆ ಇದೆ" ಅಂದಳು.

ಇಪ್ಪತ್ತಕ್ಕೆ ನಾಲ್ಕು ಬಂತು. ಆ ನಾಲ್ಕೂ ಕುಂಟಿದ್ದಕ್ಕೆ, ಒಂಟಿಕಾಲಲ್ಲಿ ನಿಂತಿದ್ದಕ್ಕೆ. ಹಾಳೆಯ ಕೆಳಗೆ ಅಚ್ಚು ಹಾಕಿಸಿದ್ದ ಸಾಲಿಗೆ ನಾನು ಟಿಕ್ ಮಾಡಬೇಕಿತ್ತು: ವಯಸ್ಸಿಗೆ ತಕ್ಕ ಬೆಳವಣಿಗೆ ಇಲ್ಲ, ಒಂದು ವರ್ಷ ತಡೆದು ಶಾಲೆಗೆ ಸೇರಿಸಿ. ಮನೆಮಗಳು ಅಂತ ಬಿಟ್ಟರೆ ನಾನೆಂಥ ಟೀಚರ್? ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ಟಿಕ್ ಮಾಡಿದೆ.

ಅತ್ತೆ ಅಲ್ಲೇ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಎಲ್ಲ ಕೇಳಿಸಿಕೊಂಡಿದ್ದರು. "ಮಗು ಆಟ ಆಡಿದ್ದು ಕಣೇ ಮಾರಾಯ್ತಿ! ನೀನು ಆ ಥರ ಮುಖ ಮಾಡ್ಕಂಡ್ರೆ ಅದು ಇನ್ನೆಂತ ಮಾಡ್ಬೇಕು?"

"ಆಟ ಯಾವುದು, ಪರೀಕ್ಷೆ ಯಾವುದು ಅಂತ ಗೊತ್ತಾಗದೆ ಇರೋದೂ ಒಂದು ಲಕ್ಷಣ, ಪುಸ್ತಕದಲ್ಲಿದೆ" ಅಂದೆ. ಪುಸ್ತಕದಲ್ಲಿ ಹಾಗೇನೂ ಇರಲಿಲ್ಲ. ಸಿಟ್ಟಿಗೆ ಬಾಯಿಗೆ ಬಂದಿದ್ದು ಹೇಳಿಬಿಟ್ಟೆ.

"ಬೆಳೆದ ಮಗು ಅಂದ್ರೆ ಎಂತ ಅಂತ ನಾನು ಹೇಳ್ತೀನಿ ಕೇಳು. ಯಾರಾದ್ರೂ ಬಂದ್ರೆ ಹೇಳಿಸ್ಕಳ್ದೆ ನೀರು ತಂದು ಕೊಡ್ಬೇಕು. ಮನೇಲಿ ಆಡಿದ್ದನ್ನ ಪಕ್ಕದ ಮನೇಲಿ ಆಡ್ಬಾರ್ದು. ಯಾರಿಗೆ ಬೇಜಾರಾಗಿದೆ ಅಂತ ಮುಖ ನೋಡಿ ತಿಳ್ಕಳ್ಬೇಕು. ಪುಟ್ಟಿ ಮೂರ್ರಲ್ಲೂ ಪಾಸು. ನೀನು ಮೂರನೇದ್ರಲ್ಲಿ ಇನ್ನೂ ಅಂಬೆಗಾಲು!"

ಆದರೆ ಅತ್ತೆಯದು ಬಾಯಿಮಾತು, ನನ್ನದು ಅಚ್ಚು ಹಾಕಿಸಿದ ಹಾಳೆ. ನನ್ನ ಓರಗಿತ್ತಿ, ಪುಟ್ಟಿಯ ಅಮ್ಮ, ಹಾಳೆಯನ್ನೇ ನಂಬಿದಳು. ಅವತ್ತಿನ ಸಾರಿಗೆ ಉಪ್ಪಿರಲಿಲ್ಲ, ಮರುದಿನದ್ದಕ್ಕೂ ಇರಲಿಲ್ಲ. ಮೈದುನ ಫೋನಿನಲ್ಲಿ ಏನೋ ನೋಡಿ ಮಗುವಿಗೆ ದಿನಾ ನೆನೆಸಿದ ಬಾದಾಮಿ ಕೊಡಲು ಶುರುಮಾಡಿದ. ಪುಟ್ಟಿ ಅದನ್ನು ನಾಯಿಗೆ ಹಾಕಿದಳು. ನಾಯಿಗೆ ಬುದ್ಧಿ ಬಂತೋ ಏನೋ, ನನ್ನ ಹತ್ತಿರ ಬರುವುದನ್ನೇ ಬಿಟ್ಟಿತು. ಮೂರನೇ ದಿನ ಓರಗಿತ್ತಿ ಬಚ್ಚಲ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ, "ಅಕ್ಕಾ, ಬಸುರಿಯಿದ್ದಾಗ ನಾನೇನಾದ್ರೂ ತಪ್ಪು ಮಾಡಿದ್ನಾ?" ಅಂತ ಕೇಳಿದಳು. ಸಾಗರದಲ್ಲಿ ಒಬ್ಬರು ಮಕ್ಕಳ ಡಾಕ್ಟರು ಇದ್ದಾರೆ, ತೋರಿಸೋಣ ಅಂದೆ. ಅವರು ಹೇಳಿದ್ದೇ ಕೊನೆ ಮಾತು ಅಂತ ಎಲ್ಲರೂ ಒಪ್ಪಿದರು.

ಬೆಳಗಿನ ಬಸ್ಸಿಗೆ ನಾವು ಮೂವರು ಹೆಂಗಸರು, ಒಂದು ಪುಟ್ಟಿ ಹೊರಟೆವು. ಡಾಕ್ಟರಿಗೆ ವಯಸ್ಸಾಗಿತ್ತು. ನನ್ನ ಹಾಳೆಯನ್ನು ಎರಡು ಸಲ ಓದಿ ಪಕ್ಕಕ್ಕಿಟ್ಟರು. ಜೇಬಿನಿಂದ ಪೆನ್ನು ತೆಗೆದು ಪುಟ್ಟಿಯ ಮುಂದೆ ಹಿಡಿದು, ಗಂಭೀರವಾಗಿ, "ಇದೆಂತದು?" ಅಂದರು.

"ಒನಕೆ."

ಓರಗಿತ್ತಿ ಸೆರಗಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಡಾಕ್ಟರು ಅಲ್ಲಾಡಲಿಲ್ಲ. "ಹೌದಾ? ಹಂಗಾದ್ರೆ ನಾನು ಬೆಳಿಗ್ಗೆ ಹಲ್ಲುಜ್ಜಿದ್ದು ಒನಕೇಲಾ?"

ಪುಟ್ಟಿ ಕೆನ್ನೆ ಉಬ್ಬಿಸಿಕೊಂಡು ತಡೆದಳು, ಮೂಗಿನಲ್ಲಿ ಒಂದು ಸದ್ದು ಬಂತು, ಆಮೇಲೆ ಕಿಸಕ್ಕನೆ ನಕ್ಕಳು. "ನೀನು ಸೋತೆ!" ಅಂತ ಡಾಕ್ಟರು ಮೇಜು ತಟ್ಟಿದರು.

ಅತ್ತೆ ಕೂತಲ್ಲಿಂದಲೇ, "ಯಾವೂರಾಯ್ತು ನಿಮ್ದು?" ಅಂದರು.

"ಕುಪ್ಪಳ್ಳಿ ಕಡೆ, ಅಮ್ಮಾ."

"ನಮ್ಮ ಕಡೆಯವ್ರೇ, ಅದ್ಕೇ ಮತ್ತೆ!" ಅಂದು ಅತ್ತೆ ನನ್ನ ಕಡೆ ನೋಡಿದರು.

ಡಾಕ್ಟರು ಪೆನ್ನು ಒಳಗಿಟ್ಟು, "ಪುಟ್ಟಿ, ಇದು ನಂಗೆ ನಿಜವಾಗ್ಲೂ ಗೊತ್ತಿಲ್ಲ. ಇಲ್ಲಿಗೆ ಹೆಂಗೆ ಬಂದ್ರಿ?" ಅಂದರು. ಅವಳು ಕಾಲು ಮಡಚಿ ಕೂತು ಶುರುಮಾಡಿದಳು. ಹೊಸನಗರದಲ್ಲಿ ಬಸ್ಸು ಬದಲಾಯಿಸಿದ್ದು, ಕಂಡಕ್ಟರ್ ಅಜ್ಜಿಯ ಜೊತೆ ಜಗಳ ಮಾಡಿದ್ದು, ಏಳು ಜನ ನಿಂತುಕೊಂಡೇ ಬಂದಿದ್ದು, ಅದರಲ್ಲಿ ಮೂವರು ನಡುವೆ ಇಳಿದ ಮೇಲೆ ನಾಲ್ಕು ಜನ ಉಳಿದಿದ್ದು, ತಿರುವಿನಲ್ಲಿ ದೊಡ್ಡಮ್ಮ ಕಿಟಕಿಯಿಂದ ವಾಂತಿ ಮಾಡಿದ್ದು, ಅದು ಯಾರ ಅಂಗಿಗೆ ಸಿಡಿಯಿತು ಅನ್ನುವುದು, ಆ ಅಂಗಿಯ ಬಣ್ಣ, ಯಾವುದನ್ನೂ ಬಿಡಲಿಲ್ಲ. ಈಗ ಯಾಕೋ ಬಣ್ಣ ಸರಿಯಾಗಿ ಗೊತ್ತಿತ್ತು.

"ಇಪ್ಪತ್ತಕ್ಕೆ ನಾಲ್ಕು ಕೊಟ್ಟಿದ್ಯಾರು?" ಅಂತ ಡಾಕ್ಟರು ಕೇಳಿದರು. ನಾನು ಫ್ಯಾನು ನೋಡುತ್ತಾ ಕೂತೆ.

ಪುಟ್ಟಿಯೇ ಹೇಳಿದಳು. "ನಮ್ಮ ದೊಡ್ಡಮ್ಮ. ಅವರಿಗೆ ಮೊದ್ಲು ಆಟ ಬರ್ತಾ ಇರ್ಲಿಲ್ಲ. ಈಗ ಅಜ್ಜಿಗಿಂತ ಚೆನ್ನಾಗಿ ಆಡ್ತಾರೆ. ಒಂದ್ಸಲಾನೂ ನಗ್ಲೇ ಇಲ್ಲ!"

ಹೆಮ್ಮೆಯಿಂದ ಹೇಳಿದಳು. ಕೊನೆಗೂ ದೊಡ್ಡಮ್ಮ ಆಟಕ್ಕೆ ಬಂದರು ಅಂತ ಮಗು ಖುಷಿಪಟ್ಟಿತ್ತು, ಆ ಖುಷಿಗೆ ನಾನು ಸೊನ್ನೆ ಹಾಕುತ್ತಾ ಹೋಗಿದ್ದೆ. ನನಗೆ ಎಷ್ಟು ನಾಚಿಕೆಯಾಯಿತು ಅಂದರೆ ಡಾಕ್ಟರಿಗೆ ನಮಸ್ಕಾರ ಹೇಳುವುದೂ ಮರೆತೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಓರಗಿತ್ತಿ ಮೂರು ದಿನ ಬಿಟ್ಟಿದ್ದ ಊಟವನ್ನು ಕಡಲೆಕಾಯಿಯಲ್ಲೇ ತೀರಿಸಿದಳು. ಅತ್ತೆ ಗೊರಕೆ ಹೊಡೆದರು. ನನಗೆ ಮಾತ್ರ ಹೋದ ವರ್ಷದ ಇನ್ನೊಂದು ಹಾಳೆ ನೆನಪಾಯಿತು. ಶಾಲೆಯ ಹತ್ತಿರದ ಮನೆಯೊಂದರ ಹುಡುಗಿ. ನಾನು ಚಾಕ್‌ಪೀಸ್ ಹಿಡಿದು, ಮುಖ ಬಿಗಿದು, ಇದೇನು ಅಂತ ಕೇಳಿದ್ದೆ. ಅವಳು ಅಷ್ಟೇ ಗಂಭೀರವಾಗಿ "ಕೋಳಿ ಹಲ್ಲು" ಅಂದಿದ್ದಳು. ಒಂದು ವರ್ಷ ತಡೆದು ಸೇರಿಸಿ ಅಂತ ಟಿಕ್ ಮಾಡಿದ್ದೆ. ಅವಳಮ್ಮ, "ಟೀಚರ್ ಹೇಳಿದ್ಮೇಲೆ ಮುಗೀತಲ್ಲ" ಅಂತ ಹಾಳೆಗೆ ಸಹಿ ಹಾಕಿ, ಮಗಳನ್ನು ಅಂಗನವಾಡಿಗೆ ವಾಪಸ್ ಕರೆದುಕೊಂಡು ಹೋಗಿದ್ದಳು. ನನ್ನ ಜೊತೆ ಜಗಳ ಮಾಡಲು ಅವರ ಕಡೆಯಿಂದ ಯಾರೂ ಬರಲಿಲ್ಲ, ಸಾಗರಕ್ಕೂ ಯಾರೂ ಹೋಗಲಿಲ್ಲ.

ಶಾಲೆ ಶುರುವಾದ ದಿನ ಪುಟ್ಟಿಯ ಪಕ್ಕದಲ್ಲೇ ಆ ಹುಡುಗಿ ಕೂತಿದ್ದಳು, ಉಳಿದವರಿಗಿಂತ ಒಂದು ಗೇಣು ಎತ್ತರ. ನಾನು ಹತ್ತಿರ ಹೋಗಿ ಕೂತು ಚಾಕ್‌ಪೀಸ್ ಎತ್ತಿ ಹಿಡಿದೆ. ಈ ಸಲ ಆಟಕ್ಕೇ ಅಂತ ಮುಖ ಬಿಗಿದುಕೊಂಡು, "ಇದೆಂತದು ಹೇಳು ನೋಡಣ?" ಅಂದೆ.

ಅವಳು ತಟ್ಟನೆ ಎದ್ದು ಕೈಕಟ್ಟಿ ನಿಂತು, "ಚಾಕ್‌ಪೀಸ್, ಟೀಚರ್" ಅಂದಳು.

"ಅಲ್ಲ ಕಣೇ" ಅಂದೆ. "ಕೋಳಿ ಹಲ್ಲು."

ಪುಟ್ಟಿ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಒದ್ದಾಡುತ್ತಿದ್ದಳು. ಆ ಹುಡುಗಿ ನಗಲಿಲ್ಲ. ಕೂತು, ಬ್ಯಾಗಿನಿಂದ ಹೊಸ ನೋಟ್‌ಬುಕ್ ತೆಗೆದು, ಮೊದಲನೇ ಪುಟ ಬಿಡಿಸಿ, "ಕೋಳಿ ಹಲ್ಲು ಅಂತ ಹೆಂಗೆ ಬರೆಯೋದು ಟೀಚರ್?" ಅಂತ ಕೇಳಿದಳು.