ಕೀಲಿ ಮನೆಗೆ ಬಂದ ಐರ್ಲೆಂಡಿನ ಅತ್ತೆ

ಗುಬ್ಬಿಯ ನಮ್ಮ ಮನೆ ಮುಂದೆ ಟ್ಯಾಕ್ಸಿಯೊಂದು ಬಂದು ನಿಂತಾಗ, ಯಾರೋ ಬೀಗ ರಿಪೇರಿಗೆ ಬಂದಿದ್ದಾರೆ ಅಂದುಕೊಂಡೆ.

ಯಾಕೋ ಏನೋ, ಊರವರ ಬಾಯಲ್ಲಿ ನಮ್ಮದು ‘ಕೀಲಿ ಮನೆ’. ಹಾಗಾಗಿ ಕೆಟ್ಟ ಬೀಗ ಹಿಡಿದುಕೊಂಡು ಯಾರಾದರೂ ಆಗಾಗ ಬರುತ್ತಲೇ ಇದ್ದರು. ನಮ್ಮ ಮನೆಯಲ್ಲಿ ಯಾರಿಗೂ ಒಂದು ಸ್ಕ್ರೂ ತಿರುಗಿಸಲೂ ಬರುತ್ತಿರಲಿಲ್ಲ, ಅದು ಬೇರೆ ಮಾತು...

ಇದು ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಡೆದದ್ದು. ನಾನು ತುಮಕೂರಿನಲ್ಲಿ ಡಿಗ್ರಿ ಓದುತ್ತಿದ್ದೆ. ಅವತ್ತು ಭಾನುವಾರ, ಮನೆಯಲ್ಲಿದ್ದೆ.

ಟ್ಯಾಕ್ಸಿಯಿಂದ ಇಳಿದವರು ಅರವತ್ತರ ಹತ್ತಿರದ ಒಬ್ಬ ವಿದೇಶಿ ಹೆಂಗಸು. ಬಿಸಿಲಿಗೆ ಮುಖ ಟೊಮೆಟೊ ಹಣ್ಣಿನ ಹಾಗಾಗಿತ್ತು.

ಡ್ರೈವರ್ ಚೇಳೂರಿನ ರಂಗಣ್ಣ, ನಮಗೆ ಪರಿಚಯದವನೇ. “ಇವ್ರು ಐರ್ಲೆಂಡಿನೋರಂತೆ ಕಣಮ್ಮ. ಕುಣಿಗಲ್‌ನಾಗೆ ಕುದುರೆ ಫಾರಂ ಸುತ್ತಾಮುತ್ತಾ ಯಾರನ್ನೋ ಹುಡುಕ್ತಾವ್ರೆ. ಕೇಳಿದ್ರೆ ಕೀಲಿ ಕೀಲಿ ಅಂತಾರೆ. ನಂಗೆ ಗೊತ್ತಿರೋದು ನಿಮ್ಮ ಕೀಲಿ ಮನೆ ಒಂದೇ... ಕರ್ಕೊಂಡ್ ಬಂದ್ಬುಟ್ಟೆ!”

ಆಕೆಯ ಹೆಸರು ನೋರಾ ಕೀಲಿ. ಕೀಲಿ ಅನ್ನುವುದು ಅವರ ಮನೆತನದ ಹೆಸರು!

ನನ್ನ ಮುರುಕು ಇಂಗ್ಲಿಷ್‌ನಲ್ಲಿ ಅರ್ಥವಾದದ್ದು ಇಷ್ಟು. ಅವರ ತಾತನ ತಮ್ಮ ಟಾಮ್ ಕೀಲಿ, ಕುದುರೆಗಳ ಜೊತೆ ಹಡಗು ಹತ್ತಿ ಕುಣಿಗಲ್‌ಗೆ ಹೊರಟವನು, ಆಮೇಲೆ ಸುದ್ದಿಯೇ ಇಲ್ಲ. ಮನೆತನದವರೆಲ್ಲ ಅಮೆರಿಕ, ಆಸ್ಟ್ರೇಲಿಯಾ ಅಂತ ಚದುರಿಹೋಗಿದ್ದಾರೆ. ಎಲ್ಲರನ್ನೂ ಹುಡುಕಿ ಮಾತಾಡಿಸಿದ್ದ ನೋರಾಗೆ ಸಿಗದೆ ಉಳಿದವನು ಅವನೊಬ್ಬನೇ.

ನನಗೆ ಮೈ ಜುಮ್ ಅಂದಿತು. ನಮ್ಮ ಜೋಸಪ್ಪ ತಾತನ ಅಪ್ಪ ಕುಣಿಗಲ್‌ನಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದ ಬಿಳಿಯ, ಜನ ಅವರನ್ನು ತಾಮಪ್ಪ ಅನ್ನುತ್ತಿದ್ದರು ಅನ್ನುವುದಷ್ಟೇ ನಮಗೆ ಗೊತ್ತಿತ್ತು. ತಾತ ಇನ್ನೂ ಅಂಬೆಗಾಲಿಡುವಾಗಲೇ ಅವರು ತೀರಿಕೊಂಡರು. ಮಗುವನ್ನು ಎತ್ತಿಕೊಂಡು ತಾತನ ಅವ್ವ ತವರೂರು ಗುಬ್ಬಿಗೆ ಬಂದುಬಿಟ್ಟರು.

ಅಷ್ಟರಲ್ಲಿ ತಾತನೇ ಹೊರಗೆ ಬಂದರು. ನೋರಾ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರು.

ತಾತ ಆ ಕೈಗಳನ್ನೇ ನೋಡುತ್ತಾ ನಿಂತುಬಿಟ್ಟರು.

ನೋರಾರ ಬಲಗೈಯ ಉಂಗುರದ ಬೆರಳು ಅಂಗೈ ಕಡೆಗೆ ಬಾಗಿತ್ತು, ನೇರವಾಗುತ್ತಲೇ ಇರಲಿಲ್ಲ.

ತಾತನ ಬೆರಳೂ ಥೇಟ್ ಹಾಗೇ! ತುಮಕೂರಿನ ಡಾಕ್ಟರ್ ‘ವಯಸ್ಸಾಯ್ತಲ್ಲ’ ಅಂದಿದ್ದರು. ತಾತ ನಿಧಾನವಾಗಿ ತಮ್ಮ ಕೈ ಮುಂದೆ ಚಾಚಿದರು. ನೋರಾ ನೋಡಿದರು... ಆ ಕೈಯನ್ನು ಹಿಡಿದುಕೊಂಡು ಅಲ್ಲೇ ಜಗುಲಿ ಮೇಲೆ ಕೂತುಬಿಟ್ಟರು.

ತಮ್ಮ ಅಪ್ಪನಿಗೂ ಹೀಗೇ ಇತ್ತು ಅಂತ ಆಕೆ ಹೇಳುತ್ತಿದ್ದಾರೆ. ನಾನು ‘ಕಸಿನ್’ ಅನ್ನುವುದನ್ನು ಕನ್ನಡದಲ್ಲಿ ಹೇಗೆ ಹೇಳಲಿ ಅಂತ ತಡವರಿಸುತ್ತಿದ್ದೇನೆ. ತಾತ ಅಷ್ಟರಲ್ಲಿ ಲೆಕ್ಕ ಮುಗಿಸಿಯಾಗಿತ್ತು.

“ಅಷ್ಟು ಯಾಕೆ ಒದ್ದಾಡ್ತೀಯ? ನಂಗೆ ಮಗಳಾಗ್ಬೇಕು, ನಿಂಗೆ ಅತ್ತೆ. ಮೊದ್ಲು ಕುಡಿಯೋಕೆ ನೀರು ಕೊಡೇ ಲಿಲ್ಲಿ.”

ಊಟವಾದ ಮೇಲೆ ತಾತ ನನ್ನನ್ನು ಹತ್ತಿರ ಕರೆದರು. ದನಿ ತಗ್ಗಿತ್ತು. “ಒಂದ್ ಮಾತು ಕೇಳವ್ವ ಅವ್ರನ್ನ. ನಮ್ಮಪ್ಪ ಅಲ್ಲಿ ಏನಾರಾ ತಪ್ಪು ಮಾಡಿ ಓಡ್ಬಂದಿದ್ರಾ?”

ತಾತ ಸ್ಕೂಲಿಗೆ ಹೋಗುವಾಗ ಹುಡುಗರು ‘ನಿಮ್ಮಪ್ಪ ಕಳ್ತನ ಮಾಡಿ ಊರು ಬಿಟ್ಟೋನು’ ಅಂತ ಆಡಿಕೊಳ್ಳುತ್ತಿದ್ದರಂತೆ. ಅವ್ವನನ್ನು ಕೇಳಲು ಧೈರ್ಯ ಬರಲಿಲ್ಲವಂತೆ. ಎಂಬತ್ತು ಹತ್ತಿರ ಬರುವವರೆಗೂ ಅದನ್ನು ಒಳಗೇ ಇಟ್ಟುಕೊಂಡಿದ್ದರು, ನಮಗ್ಯಾರಿಗೂ ಗೊತ್ತಿರಲಿಲ್ಲ.

ನಾನು ಅಳುಕುತ್ತಲೇ ಕೇಳಿದೆ. ನೋರಾ ಇಲ್ಲವೇ ಇಲ್ಲ ಅಂತ ಜೋರಾಗಿ ತಲೆಯಾಡಿಸಿದರು. ಜಮೀನು ಇದ್ದದ್ದೇ ಚೂರು, ಅದು ಅಣ್ಣನ ಪಾಲಿಗೆ ಹೋಯಿತು. ತಮ್ಮನಿಗೆ ಕುದುರೆ ಕೆಲಸ ಬಿಟ್ಟರೆ ಬೇರೆ ಗೊತ್ತಿರಲಿಲ್ಲ, ಅದಕ್ಕೇ ಹೊರಟ. ಆ ಹಡಗಿನಲ್ಲಿ ಜ್ವರ ಬಂದು ಸುಮಾರು ಜನ ಸತ್ತರು ಅನ್ನುವ ಸುದ್ದಿ ಊರಿಗೆ ಮುಟ್ಟಿತು. ಟಾಮ್ ಕೂಡ ಹೋದ ಅಂತ ಮನೆಯವರು ಪ್ರತಿ ವರ್ಷ ಅವನ ಹೆಸರಿನಲ್ಲಿ ಚರ್ಚಿನಲ್ಲಿ ಪೂಜೆ ಮಾಡಿಸುತ್ತಿದ್ದರಂತೆ. ಅದು ನಿಜವೋ ಸುಳ್ಳೋ ಅಂತ ತಿಳಿಯಲೆಂದೇ ನೋರಾ ಕುಣಿಗಲ್‌ವರೆಗೂ ಬಂದದ್ದು.

ತಾತ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

“ನಮ್ಮಪ್ಪ ಇಲ್ಲಿ ಕೂತು ಮುದ್ದೆ ನುಂಗ್ತಾ ಇದ್ರೆ, ಇವ್ರು ಅಲ್ಲಿ ತಿಥಿ ಮಾಡ್ತಾ ಇದ್ರಾ!”

ಅದನ್ನು ಇಂಗ್ಲಿಷ್‌ಗೆ ತರಲು ನಾನು ಪಟ್ಟ ಪಾಡು ದೇವರಿಗೇ ಗೊತ್ತು. ಅರ್ಥವಾದ ಮೇಲೆ ನೋರಾ ನಕ್ಕಿದ್ದೇ ನಕ್ಕಿದ್ದು, ಕಣ್ಣಲ್ಲಿ ನೀರು.

ಆಕೆಗೂ ಒಂದು ಪ್ರಶ್ನೆ ಇತ್ತು. ಬದುಕಿದ್ದವನು ಯಾಕೆ ಒಂದು ಕಾಗದವನ್ನೂ ಹಾಕಲಿಲ್ಲ? ಮನೆಯವರನ್ನು ಮರೆತನಾ?

“ಅಪ್ಪ ಹೆಬ್ಬೆಟ್ಟು ಕಣವ್ವ, ಅಕ್ಷರ ಬರ್ತಿರ್ಲಿಲ್ಲ” ಅಂದರು ತಾತ. “ಯಾರೋ ಪಾದ್ರಿ ಕೈಲಿ ಒಂದ್ಸಲ ಬರೆಸಿದ್ರಂತೆ. ಉತ್ತರ ಬರ್ಲಿಲ್ಲ ಅಂತ ಕೊರಗ್ತಿದ್ರು ಅಂತ ನಮ್ಮವ್ವ ಹೇಳೋಳು.”

ಕಾಗದ ಅಲ್ಲಿಗೆ ಮುಟ್ಟಿಯೇ ಇರಲಿಲ್ಲ.

ಕೊನೆಗೆ ತಾತ ಚಿಕ್ಕ ಹುಡುಗನ ಥರ ಕೇಳಿದರು, “ನಮ್ಮಪ್ಪನ ಅಮ್ಮನ ಹೆಸರೇನು?”

“ಹನೋರಾ” ಅಂದರು ನೋರಾ. ತನಗೆ ಇಟ್ಟಿರುವುದೂ ಆ ಮುತ್ತಜ್ಜಿಯ ಹೆಸರೇ, ಕರೆಯಲು ಸುಲಭವಾಗಲಿ ಅಂತ ನೋರಾ ಮಾಡಿದ್ದಾರೆ ಅಂದರು.

ತಾತ ಎದ್ದು ನಿಂತರು. “ಹಂಗಾದ್ರೆ ನೀನು ನಮ್ಮಜ್ಜಿನೇ ಕಣವ್ವ” ಅಂತ ಆಕೆಯ ತಲೆ ಸವರಿದರು. ಅದನ್ನು ನಾನು ಅನುವಾದ ಮಾಡಲೇ ಇಲ್ಲ, ಬೇಕಾಗಲಿಲ್ಲ.

ಮಾರನೆಯ ದಿನ ಎಲ್ಲರೂ ರಂಗಣ್ಣನ ಟ್ಯಾಕ್ಸಿಯಲ್ಲೇ ತುಮಕೂರಿಗೆ ಹೋದೆವು. ಬಸ್ ಸ್ಟ್ಯಾಂಡ್ ಹತ್ತಿರದ ಟೆಲಿಫೋನ್ ಬೂತಿನಿಂದ ನೋರಾ ಐರ್ಲೆಂಡಿನಲ್ಲಿದ್ದ ತಮ್ಮನಿಗೆ ಫೋನ್ ಮಾಡಿ, ರಿಸೀವರ್ ತಾತನ ಕೈಗೆ ಕೊಟ್ಟರು.

ಅಷ್ಟು ದೂರ ಕೇಳಿಸಬೇಕಲ್ಲ ಅಂತ ತಾತ ಬೂತೇ ಅದುರುವ ಹಾಗೆ ಕೂಗಿದರು, ಅಚ್ಚ ಕನ್ನಡದಲ್ಲಿ.

“ಹಲೋ! ನಾನು ಹನೋರಮ್ಮನ ಮೊಮ್ಮಗ, ಗುಬ್ಬಿಯಿಂದ ಮಾತಾಡ್ತಿರೋದು! ಊಟ ಆಯ್ತೇನಪ್ಪಾ?”

ನಿಮ್ಮ ಮುತ್ತಜ್ಜಿಯ ಹೆಸರು ನಿಮಗೆ ಗೊತ್ತಾ?