ಕಾನಿನಲ್ಲಿ ಕರೆದ ಗಿಡ

ಇದು ಕಟ್ಟುಕಥೆಯಾಗಿದ್ದರೆ ಇನ್ನೂ ಚೆನ್ನಾಗಿ ಕಟ್ಟುತ್ತಿದ್ದೆ. ನಡೆದದ್ದಾದ್ದರಿಂದ ನಡೆದ ಹಾಗೇ ಬರೆಯುತ್ತಿದ್ದೇನೆ. ಶಿಕಾರಿಪುರದ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಸಸ್ಯಶಾಸ್ತ್ರ ಹೇಳುತ್ತಿರುವವನು ನಾನು. ದೆವ್ವದ ಮಾತೆತ್ತಿದ ಹುಡುಗರನ್ನು ತರಗತಿಯಲ್ಲೇ ಗೇಲಿ ಮಾಡಿದವನು.

ಒಂದು ವಿಷಯ ಮೊದಲೇ ಹೇಳಿಬಿಡಬೇಕು. ನನ್ನ ಅಪ್ಪ ಅಂಬ್ಲಿಗೊಳದ ಅಣೆಕಟ್ಟಿನಲ್ಲಿ ನೀರುಗಂಟಿಯಾಗಿದ್ದರು. ಕಾಲುವೆಗೆ ನೀರು ಬಿಡುವುದು, ನಿಲ್ಲಿಸುವುದು ಅವರ ಕೆಲಸ. ನಿವೃತ್ತರಾದ ಮೇಲೆ ಅವರಿಗೆ ಮರೆವಿನ ಕಾಯಿಲೆ ಬಂತು. ಮಧ್ಯರಾತ್ರಿ ಎದ್ದು, "ತೂಬು ಇಳಿಸಿ ಬರ್ತೀನಿ" ಎಂದು ಹೊರಟುಬಿಡುತ್ತಿದ್ದರು. ಬೆಳಿಗ್ಗೆ ಕೇಳಿದರೆ, "ನಾನೆಲ್ಲಿಗೆ ಹೋಗಿದ್ದೆ?" ಎಂದು ನಮ್ಮನ್ನೇ ಕೇಳುತ್ತಿದ್ದರು. ಕೊನೆಕೊನೆಗೆ ನನ್ನ ಹೆಂಡತಿ ಗಿರಿಜಾ ಬಾಗಿಲಿಗೆ ಒಳಗಿನಿಂದ ಬೀಗ ಹಾಕಿ, ಕೀಲಿಯನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದಳು.

ಅದು ನನಗೂ ಬಂದರೆ? ಈ ಭಯವನ್ನು ನಾನು ಗಿರಿಜಾಗೂ ಹೇಳಿರಲಿಲ್ಲ.

ಕಳೆದ ವರ್ಷ ಸ್ಪೇನ್ ದೇಶದ ಒಬ್ಬ ಸಸ್ಯಶಾಸ್ತ್ರಜ್ಞನ ಜೀವನವನ್ನು ಕನ್ನಡದಲ್ಲಿ ಬರೆಯಲು ಹಿಡಿದಿದ್ದೆ. ಇನ್ನೂರು ಚಿಲ್ಲರೆ ವರ್ಷಗಳ ಹಿಂದೆ, ರಾಜನ ಅಪ್ಪಣೆಯ ಮೇಲೆ ಸಮುದ್ರ ದಾಟಿ, ಅಮೆರಿಕದ ಬೆಟ್ಟಗಾಡುಗಳಲ್ಲಿ ಗಿಡ ಹುಡುಕುತ್ತಾ ಅರ್ಧ ಆಯುಷ್ಯ ಕಳೆದವನು. ಹೇಸರಗತ್ತೆಗಳ ಮೇಲೆ ಕಾಗದದ ಕಟ್ಟುಗಳು, ಬಿಡದ ಜ್ವರ, ಹಡಗಿನ ಜೊತೆ ಮುಳುಗಿಹೋದ ಪೆಟ್ಟಿಗೆಗಳು... ಅಲ್ಲಿಯ ಕಾಡಿನ ಜನ ಗಿಡ ಕೀಳುವ ಮುಂಚೆ ಅದರೊಡನೆ ಮಾತಾಡುತ್ತಾರೆಂದು ಅವನು ದಿನಚರಿಯಲ್ಲಿ ತಮಾಷೆಯಾಗಿ ಬರೆದಿದ್ದಾನೆ. ಕೆಲವು ಪುಟಗಳಾದ ಮೇಲೆ ಇನ್ನೊಂದು ಸಂಗತಿ. ಒಂದು ಬೆಳಿಗ್ಗೆ ಕಾಗದದ ಕಟ್ಟು ಬಿಚ್ಚಿದರೆ, ತಾನು ಕಿತ್ತೇ ಇರದ ಗಿಡವೊಂದು ಅದರೊಳಗಿತ್ತು. ಜೊತೆಯವರನ್ನೆಲ್ಲ ಕೇಳಿದ. ಯಾರೂ ಒಪ್ಪಲಿಲ್ಲ. ಆ ಗಿಡದ ಹಾಳೆಯಲ್ಲಿ 'ಸಂಗ್ರಹಿಸಿದವರು' ಎಂಬಲ್ಲಿ ಅವನು ಯಾವ ಹೆಸರನ್ನೂ ಬರೆಯಲಿಲ್ಲ.

ನಾನು ಸಲೀಸಾಗಿ ಬರೆದೆ: 'ಜ್ವರದ ಮಂಪರಿನಲ್ಲಿ ತಾನೇ ಕಿತ್ತು ಮರೆತಿರಬೇಕು.'

ಆತನ ದುಡಿಮೆ ಎಂಥದೆಂದು ಮೈಗೆ ಗೊತ್ತಾಗಲಿ ಎಂದು ನಾನೂ ಭಾನುವಾರಗಳಲ್ಲಿ ಗಿಡ ಸಂಗ್ರಹಿಸಲು ಹೊರಟೆ. ಕುಬಟೂರಿನಿಂದಾಚೆ ಒಂದು ಕಾನಿದೆ. ಹಿರಿಯರು ಕೊಡಲಿ ಹಾಕದೆ ಉಳಿಸಿದ ಕಾಡನ್ನು ಸೊರಬದ ಕಡೆ ಕಾನು ಎನ್ನುತ್ತಾರೆ. ನಾಟಿ ಔಷಧಿ ಕೊಡುವ ಚೌಡಪ್ಪ ನನಗೆ ದಾರಿ ತೋರಿಸುತ್ತಿದ್ದರು. ತಂದ ಗಿಡಗಳನ್ನು ಹಳೆಯ ಪೇಪರುಗಳ ನಡುವೆ ಹರಡಿ, ಮೇಲೆ ಕೆಳಗೆ ಹಲಗೆಯಿಟ್ಟು, ಬೆಲ್ಟಿನಿಂದ ಬಿಗಿದು ನಡುಮನೆಯಲ್ಲಿಡುತ್ತಿದ್ದೆ. ಪ್ರತಿ ಗಿಡದ ಪಕ್ಕ ಸ್ಥಳ, ತಾರೀಖು, ಸಂಖ್ಯೆ, ಸಂಗ್ರಹಿಸಿದವರ ಹೆಸರು ಬರೆದ ಚೀಟಿ. ದಿನಾ ಪೇಪರು ಬದಲಾಯಿಸದಿದ್ದರೆ ಗಿಡಕ್ಕೆ ಬೂಷ್ಟು ಬರುತ್ತದೆ. ಅಷ್ಟರಲ್ಲಿ ಹದಿನಾಲ್ಕು ಗಿಡಗಳಾಗಿದ್ದವು.

ಕಾರ್ತಿಕದ ಒಂದು ಭಾನುವಾರ ಸಂಜೆ ಕಾನಿನೊಳಗೆ ಒಂದು ಗಿಡ ಕಂಡಿತು. ಮೊಣಕಾಲುದ್ದ. ಎಲೆಯ ಅಡಿಭಾಗ ನೇರಳೆ. ಶುಂಠಿಯ ಜಾತಿಯದೆಂದಷ್ಟೇ ಗೊತ್ತಾಯಿತು. ಅಗೆಯಲು ಬಗ್ಗಿದೆ. ಚೌಡಪ್ಪ ಕೈ ಹಿಡಿದರು.

"ಹಂಗೆ ಕಿತ್ರೆ ಗುಣ ಬರಲ್ಲ ಸರ್. ಹಿಂದಿನ ಸಂಜೆ ಕರೀಬೇಕು. ಅರಿಶಿನದ ದಾರ ಕಟ್ಟಿ, ನಾಕು ಅಕ್ಕಿಕಾಳು ಹಾಕಿ, 'ನಮ್ಮನಿಗೆ ಬಾ' ಅಂತ ಕರ್ದು ಹೋಗ್ಬೇಕು. ಮಾರನೇ ದಿನ ಬೆಳಕು ಹರಿಯೋದ್ರೊಳಗೆ ಬಂದು, ಮಾತಾಡ್ದೆ ಕರ್ಕಂಡು ಹೋಗ್ಬೇಕು."

ನನ್ನ ಸ್ಪೇನಿನವನು ನೆನಪಾಗಿ ನಗು ಬಂತು. "ಅಡ್ರೆಸ್ ಕೊಡೋದು ಬೇಡ್ವಾ ಚೌಡಪ್ನೋರೆ?"

ಅವರೂ ನಕ್ಕು, ಚೀಲದಿಂದ ದಾರ, ಅಕ್ಕಿ ತೆಗೆದುಕೊಟ್ಟರು. ನಾನು ದಾರ ಕಟ್ಟಿ, ಅಕ್ಕಿ ಹಾಕಿ, ಗಿಡಕ್ಕೆ ಕೈಮುಗಿದು ನಾಟಕದ ದನಿಯಲ್ಲಿ ಹೇಳಿದೆ: "ಶಿಕಾರಿಪುರ, ಈಸೂರು ರಸ್ತೆ, ನೀಲಿ ಗೇಟಿನ ಮನೆ. ಬಾರಮ್ಮಾ!"

ಚೌಡಪ್ಪನವರ ನಗು ನಿಂತಿತು.

"ಕರ್ದಿದೀರಿ ಸರ್... ನಾಳೆ ತಪ್ಪಿಸ್ಬ್ಯಾಡಿ."

ತಪ್ಪಿಸಿದೆ. ಆ ರಾತ್ರಿ ಮನೆ ಮುಟ್ಟುವಷ್ಟರಲ್ಲಿ ಕಾಲೇಜಿನಿಂದ ಫೋನು ಬಂತು. ಬೆಳಿಗ್ಗೆ ಪರೀಕ್ಷಾ ಡ್ಯೂಟಿ. ಸೋಮವಾರ ಇಡೀ ದಿನ ಆ ಗಿಡ ನನ್ನ ತಲೆಗೇ ಬರಲಿಲ್ಲ. ಒಮ್ಮೆಯೂ ಇಲ್ಲ.

ಸೋಮವಾರ ರಾತ್ರಿ...

ಎಚ್ಚರವಾದದ್ದು ವಾಸನೆಗೆ. ಹಸಿ ಶುಂಠಿ ಜಜ್ಜಿದಂಥ ಘಾಟು, ಅದರ ಹಿಂದೆ ಬಿಸಿಲು ಕಾಣದ ಮಣ್ಣಿನ ವಾಸನೆ. ನಮ್ಮ ಬೀದಿಯಲ್ಲಿ ಆ ವಾಸನೆ ಬರಲು ಕಾರಣವಿಲ್ಲ. ಕೊಯ್ಲಿನ ಕಾಲ, ರಸ್ತೆಯ ತುಂಬ ಮೆಕ್ಕೆಜೋಳ ಹರಡಿದ್ದರು. ಗಾಳಿಯಲ್ಲಿ ಇರುವುದೇ ಜೋಳದ ಧೂಳು.

ಆ ಜೋಳದ ಮೇಲೆ ಸದ್ದಾಯಿತು.

ಸರ ಸರ... ಸರ ಸರ... ಹೆಜ್ಜೆಯಲ್ಲ. ಹೆಜ್ಜೆಗಳ ನಡುವೆ ಬಿಡುವಿರುತ್ತದೆ. ಇದು ಕಾಳುಗಳನ್ನು ಸರಿಸುತ್ತಾ, ನಿಲ್ಲದೆ, ನಿಧಾನವಾಗಿ ಬರುತ್ತಿತ್ತು. ಗೇಟಿನ ಹತ್ತಿರ ಬಂತು. ಗೇಟು ಕಿರುಗುಟ್ಟಲಿಲ್ಲ. ಆದರೂ ಸದ್ದು ಒಳಗೆ ಬಂತು. ಆಮೇಲೆ ಬಾಗಿಲಿನ ಅಡಿಯಲ್ಲಿ, ಯಾರೋ ಅಂಗೈಯಿಂದ ನೆಲ ಸವರಿದ ಹಾಗೆ...

ನಾನು ಹಾಸಿಗೆಯ ಮೇಲೆ ಎದ್ದು ಕೂತಿದ್ದೆ. ಆಗ ಗಿಡ ನೆನಪಾಯಿತು. ಕೊಟ್ಟ ಅಡ್ರೆಸ್ಸೂ.

ನಾನು ಬಾಗಿಲು ತೆಗೆಯಲಿಲ್ಲ. ಬಾಯಿಯನ್ನೂ ತೆರೆಯಲಿಲ್ಲ. ಹೊದಿಕೆ ಎಳೆದುಕೊಂಡು ಗೋಡೆಗೆ ಮುಖ ಮಾಡಿ ಮಲಗಿದೆ. ಇದು ನನ್ನ ನೆನಪು. ಇಷ್ಟಕ್ಕೆ ನಾನು ಪ್ರಮಾಣ ಮಾಡಬಲ್ಲೆ ಎಂದುಕೊಂಡಿದ್ದೆ, ಬೆಳಿಗ್ಗೆಯವರೆಗೆ.

ಗಿರಿಜಾ ಕಾಫಿ ಕೊಡುತ್ತಾ ಕೇಳಿದಳು: "ರಾತ್ರಿ ಯಾರ್ರೀ ಬಂದಿದ್ದು?"

"ಯಾರು? ಯಾರೂ ಬಂದಿಲ್ಲ."

"ಮತ್ತೆ ನೀವು ಬಾಗಿಲಲ್ಲಿ ನಿಂತ್ಕೊಂಡು 'ಬಾ, ಒಳಗೆ ಬಾ' ಅಂತಿದ್ರಿ? ನಿಮ್ಮ ತಂಗಿ ಬಂದ್ಲೇನೋ ಅಂದ್ಕೊಂಡೆ. ಅಷ್ಟು ಪ್ರೀತಿಯಿಂದ ನನ್ನನ್ನಂತೂ ಯಾವತ್ತೂ ಕರೆದಿಲ್ಲ ನೀವು!"

ಅವಳು ನಗುತ್ತಿದ್ದಳು. ನನ್ನ ಮುಖ ನೋಡಿ ನಗು ಅರ್ಧಕ್ಕೇ ನಿಂತಿತು. ಹಿಂದೆ ಅಪ್ಪನನ್ನು ನೋಡುತ್ತಿದ್ದಳಲ್ಲ, ಹಾಗೆಯೇ ನೋಡಿದಳು.

ಬಾಗಿಲ ಚಿಲಕ ಹಾಕಿದಂತೆಯೇ ಇತ್ತು. ಹೊರಗೆ ಹೋಗಿ ನೋಡಿದೆ. ಹರಡಿದ ಜೋಳದ ನಡುವೆ ಒಂದೇ ಒಂದು ಗೀರು, ಬೀದಿಯ ಆ ತುದಿಯಿಂದ ನಮ್ಮ ಗೇಟಿನವರೆಗೆ. ಬಂದ ಗುರುತಿತ್ತು, ಹೋದ ಗುರುತಿಲ್ಲ. ಫೋಟೊ ತೆಗೆಯಬೇಕಿತ್ತು, ಹೊಳೆಯಲಿಲ್ಲ. ಹೊಳೆಯುವಷ್ಟರಲ್ಲಿ ಪಕ್ಕದ ಮನೆಯವರು ಜೋಳವನ್ನು ಕೆದರಿ ಹರಡಿಬಿಟ್ಟಿದ್ದರು.

ನಡುಮನೆಗೆ ಬಂದು ಕಟ್ಟು ಬಿಚ್ಚಿದೆ. ಒಂದು, ಎರಡು... ಹದಿನಾಲ್ಕು.

ಹದಿನೈದು.

ನೇರಳೆ ಎಲೆಗಳು ಒಂದರ ಮೇಲೊಂದು ಬೀಳದಂತೆ ಹರಡಿದ್ದವು. ಬೇರು ಒಂದೂ ಹರಿದಿರಲಿಲ್ಲ. ಕಾಂಡದಲ್ಲಿ ನಾನು ಕಟ್ಟಿದ ಅರಿಶಿನದ ದಾರ. ಪಕ್ಕದಲ್ಲಿ ಚೀಟಿ. ಸ್ಥಳ, ತಾರೀಖು, ಸಂಖ್ಯೆ ಎಲ್ಲ ತುಂಬಿತ್ತು. ಕೈಬರಹ ನನ್ನದೇ.

'ಸಂಗ್ರಹಿಸಿದವರು' ಎಂಬಲ್ಲಿ ಮಾತ್ರ ಖಾಲಿ.

ನಾನು ಓಡಿಹೋಗಿ ಬೈಕಿನ ಮೀಟರ್ ನೋಡಿದೆ. ಕಾನಿಗೆ ಹೋಗಿ ಬಂದಾಗಲೆಲ್ಲ ರೀಡಿಂಗ್ ಬರೆದಿಡುವುದು ನನ್ನ ರೂಢಿ. ಭಾನುವಾರ ಬರೆದಿದ್ದ ಅಂಕಿಯೇ ಇತ್ತು. ಸೋಮವಾರ ಕಾಲೇಜಿಗೆ ನಡೆದೇ ಹೋಗಿದ್ದೆ. ನನ್ನ ಅಂಗಾಲುಗಳಲ್ಲಿ ಒಂದು ಚೂರು ಮಣ್ಣಿರಲಿಲ್ಲ.

ಅಂದೇ ಶಿರಾಳಕೊಪ್ಪದ ಮೇಲೆ ಕುಬಟೂರಿಗೆ ಹೋದೆ. ಚೌಡಪ್ಪನವರನ್ನು ನೇರವಾಗಿ ಕೇಳಿದೆ: "ನೀವೇ ತಂದಿಟ್ಟಿರಾ?"

"ನಲವತ್ತು ಕಿಲೋಮೀಟರು ಬಂದು, ಚಿಲಕ ಹಾಕಿದ ಮನೆ ಹೊಕ್ಕಿ? ಬಸ್ ಚಾರ್ಜು ಯಾರು ಕೊಡ್ತಾರೆ ಸರ್?"

ಕಾನಿನಲ್ಲಿ ಗಿಡವಿದ್ದ ಜಾಗ ತೋರಿಸಿದರು. ಹಾಕಿದ ಅಕ್ಕಿಕಾಳು ಹಾಗೇ ಬಿದ್ದಿತ್ತು. ಅಗೆದ ಗುರುತಿಲ್ಲ. ಮಣ್ಣು ಚೆಲ್ಲಿರಲಿಲ್ಲ. ಬಹಳ ಹೊತ್ತು ಕೂತಿದ್ದವರು ಎದ್ದು ಹೋದರೆ ಉಳಿಯುತ್ತದಲ್ಲ, ಅಂಥ ಒಂದು ಸಣ್ಣ ತಗ್ಗು.

"ಮದ್ವಿಗೆ ಕರ್ದು ಬಾಗ್ಲು ಹಾಕ್ಕಂಡ್ರೆ ನಿಮಗಾದ್ರೂ ಬೇಜಾರಾಗಲ್ವಾ ಸರ್?" ಎಂದರು ಮೆಲ್ಲಗೆ.

"ನಿಮಗೆ ಯಾವತ್ತಾದ್ರೂ ಹೀಗೆ ಆಗಿದೆಯಾ?"

"ನಾನು ಕರ್ದು ಯಾವತ್ತೂ ಬಿಟ್ಟಿಲ್ಲ. ಹಂಗಾಗಿ ಗೊತ್ತಿಲ್ಲ."

ಶಿವಮೊಗ್ಗದಲ್ಲಿ ಡಾಕ್ಟರಿಗೆ ತೋರಿಸಿದೆ. ಚಿತ್ರ ಬಿಡಿಸಲು ಹೇಳಿದರು, ಅಂಕಿಗಳನ್ನು ಹಿಂದಕ್ಕೆ ಎಣಿಸಲು ಹೇಳಿದರು. "ಸದ್ಯಕ್ಕೆ ಏನೂ ಕಾಣ್ತಿಲ್ಲ, ಆರು ತಿಂಗಳು ಬಿಟ್ಟು ಬನ್ನಿ" ಎಂದರು. ಖುಷಿಪಡಬೇಕಿತ್ತು. ಆಗಲಿಲ್ಲ. ಕಾಯಿಲೆಯಾದರೆ ಅಪ್ಪನ ದಾರಿ ನನಗೆ ಗೊತ್ತಿದೆ. ಕಾಯಿಲೆಯಲ್ಲ ಎಂದಾದರೆ, ಅಂದು ನನ್ನ ದನಿಯಲ್ಲಿ 'ಒಳಗೆ ಬಾ' ಎಂದವರು ಯಾರು?

ಸ್ಪೇನಿನವನ ಕುರಿತ ಆ ವಾಕ್ಯವನ್ನು ಹೊಡೆದುಹಾಕಿದ್ದೇನೆ. ಅದರ ಜಾಗಕ್ಕೆ ಬೇರೆ ವಾಕ್ಯ ಬರೆಯಲು ಆಗಿಲ್ಲ. ಪುಸ್ತಕ ಅಲ್ಲಿಯೇ ನಿಂತಿದೆ. ಹದಿನೈದನೆಯ ಚೀಟಿಯ ಮುಂದೆ ಎಷ್ಟೋ ಸಲ ಪೆನ್ನು ಹಿಡಿದು ಕೂತಿದ್ದೇನೆ. ನನ್ನ ಹೆಸರು ಬರೆದರೆ ಅಪ್ಪನ ಕಾಯಿಲೆಯನ್ನು ಒಪ್ಪಿಕೊಂಡ ಹಾಗೆ, ಬಿಟ್ಟರೆ ಗಿಡ ತಾನೇ ಬಂದದ್ದನ್ನು.

ಗಿರಿಜಾ ಈಗ ಬಾಗಿಲಿಗೆ ಒಳಗಿನಿಂದ ಬೀಗ ಹಾಕುತ್ತಾಳೆ. ಕೀಲಿ ಅವಳ ದಿಂಬಿನ ಕೆಳಗಿರುತ್ತದೆ. ನಾನು ಕೇಳಿಲ್ಲ, ಅವಳೂ ಹೇಳಿಲ್ಲ.

ನಾನು ಹೊರಗೆ ಹೋಗದ ಹಾಗೆ ಅವಳು ಕಾಯುತ್ತಿದ್ದಾಳೆ. ಅಂದು ರಾತ್ರಿ ಈ ಮನೆಯಿಂದ ಯಾರೂ ಹೊರಗೆ ಹೋಗಿರಲಿಲ್ಲ, ಒಳಗೆ ಬಂದದ್ದಷ್ಟೇ ಎಂದು ಅವಳಿಗೆ ಹೇಗೆ ಹೇಳಲಿ?